ದೋಣಿ ಎಷ್ಟು ಹೊತ್ತು ಕಾಯಬೇಕು

ಮಾರ್ಚ್ 4

ಆಟ ತಯಾರಿಸುವವರಿಗೆ,

ನಮಸ್ಕಾರ. ನಿಮ್ಮ ಆಟದಲ್ಲಿ ದೂರು ಕೊಡಲು ಒಂದು ಫಾರಂ ಇದೆ. ಸಾಧನದ ಆವೃತ್ತಿ ಯಾವುದು, ದೋಷ ಯಾವ ಬಗೆಯದು, ಅದನ್ನು ಮತ್ತೆ ಉಂಟುಮಾಡುವುದು ಹೇಗೆ ಎಂದೆಲ್ಲ ಅದು ಕೇಳುತ್ತದೆ. ನನ್ನ ದೂರು ಏನೆಂದರೆ, ಇದ್ದ ಒಂದು ದೋಷ ಹೊರಟುಹೋಗಿದೆ. ಅದಕ್ಕೆ ಫಾರಂನಲ್ಲಿ ಜಾಗವಿರಲಿಲ್ಲ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ನಿಮ್ಮ ವಿಳಾಸ ಸಿಕ್ಕಿತು. ಹಾಗಾಗಿ ಕಾಗದ.

ಹೊಳೆದಂಡೆಯ ಊರಿನ ನಿಮ್ಮ ಆಟವನ್ನು ನಮ್ಮಲ್ಲಿ ಐದು ತಿಂಗಳಿಂದ ಆಡುತ್ತಿದ್ದೇವೆ. ದೋಣಿ ನಿಲ್ಲುವ ಕಡೆ ಒಂದು ಗೂಡಿನಲ್ಲಿ ಟಿಕೆಟಿನವನು ಕೂತಿರುತ್ತಾನೆ. ಹತ್ತಿರ ಹೋದರೆ "ಎಲ್ಲಿಗೆ ಹೋಗ್ಬೇಕು?" ಎನ್ನುತ್ತಾನೆ. ಕೆಳಗೆ ನಾಲ್ಕು ಜಾಗಗಳ ಹೆಸರು ಬರುತ್ತದೆ, ಒಂದನ್ನು ಒತ್ತಿದರೆ ದೋಣಿ ಹೊರಡುತ್ತದೆ. ಜನವರಿಯವರೆಗೆ ನಾವು ಒತ್ತುವ ತನಕ ಆ ದೋಣಿ ಕಾಯುತ್ತಿತ್ತು. ಈಗ ನಲವತ್ತು ಸೆಕೆಂಡು ಕಳೆದರೆ ಸಾಕು, ಅವನು ಮುಖ ತಿರುಗಿಸುತ್ತಾನೆ, ದೋಣಿ ಹೊರಟುಬಿಡುತ್ತದೆ, ನಾವು ಮತ್ತೆ ಬೀದಿಯ ತುದಿಯಲ್ಲಿ ಬಂದು ಬಿದ್ದಿರುತ್ತೇವೆ.

ಸ್ವಾಧೀನ ತಪ್ಪಿದ ಕೈಗಳಿಗೆ ವ್ಯಾಯಾಮ ಮಾಡಿಸುವುದು ನನ್ನ ಉದ್ಯೋಗ. ನಲವತ್ತು ಸೆಕೆಂಡಿನಲ್ಲಿ ಒಂದು ಕೈ ಏನೇನು ಮಾಡಲಾರದು ಎಂಬುದು ನನಗೆ ಚೆನ್ನಾಗಿ ಗೊತ್ತು.

ದಯವಿಟ್ಟು, ರಿಪೇರಿ ಮಾಡಿದ್ದನ್ನು ಕೆಡಿಸಿಕೊಡಿ.

ಇತಿ,
ಒಬ್ಬ ಆಟಗಾರ್ತಿ


ಮಾರ್ಚ್ 15

ಮಾನ್ಯರೇ,

ನಿಮ್ಮ ಪತ್ರಕ್ಕೆ ವಂದನೆಗಳು. ಈ ಆಟ ಮಾಡುವ ಒಂಬತ್ತು ಜನರ ತಂಡವನ್ನು ನಡೆಸುವವನು ನಾನು. ನಮಗೆ ಅಂಚೆಯಲ್ಲಿ ಬಂದ ಮೊದಲ ದೂರು ನಿಮ್ಮದು. ಅಂಚೆಯವರು ತಪ್ಪಿ ಬಂದಿದ್ದಾರೆಂದು ವಾಪಸ್ಸು ಕಳಿಸುವುದರಲ್ಲಿದ್ದೆವು.

ನಮ್ಮ ಕೆಲಸದ ಕ್ರಮ ಹೀಗಿದೆ. ಆಟವನ್ನು ಪೂರ್ತಿ ಮುಗಿಸಿ ಕೊಡುವ ಬದಲು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿದ್ದಿ ಹೊಸ ಆವೃತ್ತಿ ಬಿಡುತ್ತೇವೆ. ಮಾಡಬೇಕಾದ ಒಂದೊಂದು ಕೆಲಸಕ್ಕೂ ಒಂದೊಂದು ಚೀಟಿ. ಅವನ್ನೆಲ್ಲ ಗೋಡೆಗೆ ಅಂಟಿಸಿದ್ದೇವೆ. ದಿನಾ ಬೆಳಿಗ್ಗೆ ಎಲ್ಲರೂ ಆ ಗೋಡೆಯ ಮುಂದೆ ಕಾಲು ಗಂಟೆ ನಿಂತುಕೊಂಡು, ನಿನ್ನೆ ಏನು ಮಾಡಿದೆವು, ಇವತ್ತೇನು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಎಂದು ಹೇಳುತ್ತೇವೆ. ಕೂತರೆ ಮಾತು ಉದ್ದವಾಗುತ್ತದೆ, ಅದಕ್ಕೆ ನಿಲ್ಲುವುದು. ಯಾವ ಚೀಟಿ ಮೊದಲು ಎಂಬುದರಲ್ಲಿ ಆಟಗಾರರಿಗೂ ಪಾಲಿದೆ. ಅಂತರ್ಜಾಲದಲ್ಲಿ ಅವರದೊಂದು ಹರಟೆಕಟ್ಟೆ ಇದೆ, ಅಲ್ಲಿ ವೋಟು ಹಾಕುತ್ತಾರೆ.

ದೋಣಿ ಕಾಯುತ್ತಲೇ ಇರುವುದು ದೋಷ ಎಂದು ಅಲ್ಲಿ ಮೂರು ಸಾವಿರದ ನೂರು ಜನ ಹೇಳಿದ್ದರು. ದೋಣಿಯಲ್ಲಿ ಕೂತ ಉಳಿದ ಪ್ರಯಾಣಿಕರು ಕಂಬಗಳ ಹಾಗೆ ಕಾಣುತ್ತಾರೆ ಎಂಬುದು ಅವರ ಆಕ್ಷೇಪ. ಅದರಂತೆ ಸರಿಪಡಿಸಲಾಗಿದೆ. ನಿಮ್ಮಂತೆ ಕಷ್ಟಪಡುತ್ತಿರುವವರು ಎಷ್ಟು ಮಂದಿ ಇದ್ದಾರೆಂದು ತಿಳಿಸಿದರೆ ತಂಡದ ಮುಂದಿಡಲು ಅನುಕೂಲ.

ವಿಶ್ವಾಸಿ,
ತಂಡದ ಮುಖ್ಯಸ್ಥ


ಮಾರ್ಚ್ 22

ಮುಖ್ಯಸ್ಥರೇ,

ನಿಮ್ಮ ಗೋಡೆಯ ವಿಷಯ ಓದಿ ನನಗೆ ಕುತೂಹಲ ತಡೆಯಲಾಗಲಿಲ್ಲ. ಮಾರನೆಯ ದಿನವೇ ನಮ್ಮ ವ್ಯಾಯಾಮದ ಕೋಣೆಯಲ್ಲಿ, ಬಟ್ಟೆ ಕ್ಲಿಪ್ಪು, ಕಾಳಿನ ತಟ್ಟೆ, ಗುಂಡಿ ಹಾಕುವ ಹಲಗೆ ಇವೆಲ್ಲ ಇರುವ ಮೇಜಿನ ಮೇಲ್ಗಡೆ ಒಂದು ಜಾಗ ಖಾಲಿ ಮಾಡಿಸಿ ಚೀಟಿ ಅಂಟಿಸಿದೆ. ಹದಿನೈದು ದಿನದಲ್ಲಿ ನಿಮ್ಮ ಕೈ ಏನು ಮಾಡಬೇಕೆಂದು ಬರೆಯಿರಿ ಎಂದು ವ್ಯಾಯಾಮಕ್ಕೆ ಬರುವವರಿಗೆಲ್ಲ ಹೇಳಿದೆ. ಡಾಕ್ಟರು ಬರೆದುಕೊಟ್ಟಿದ್ದೆಲ್ಲ ಭುಜದ ಕೋನ, ಹಿಡಿತದ ಬಲ. ಇವರು ಬರೆದದ್ದೇ ಬೇರೆ. ಬೇಕರಿಯವರು "ಅಂಗಿಯ ಮೇಲಿನ ಗುಂಡಿ, ಹೆಂಡತಿಯನ್ನು ಕರೆಯದೆ" ಎಂದು ಬರೆಸಿದರು. ಬಣ್ಣ ಹೊಡೆಯುವವರೊಬ್ಬರು "ಮೂಗು ತುರಿಸಿದಾಗ ಈ ಕೈಯೇ ಏಳಬೇಕು" ಎಂದರು. ಇಪ್ಪತ್ತೆರಡು ವರ್ಷದಲ್ಲಿ ನಾನು ಇವರನ್ನು ಇದನ್ನು ಕೇಳಿಯೇ ಇರಲಿಲ್ಲವಲ್ಲ ಎನ್ನಿಸಿತು.

ಆದರೆ ನಿಮ್ಮ ನಿಂತು ಮಾತಾಡುವ ಪದ್ಧತಿ ಮಾತ್ರ ಇಲ್ಲಿ ನಡೆಯುವುದಿಲ್ಲ. ನಮ್ಮವರಿಗೆ ಕಾಲು ಗಂಟೆ ನಿಲ್ಲುವುದೇ ಮೂರು ತಿಂಗಳ ಗುರಿ.

ಎಷ್ಟು ಮಂದಿ ಎಂದು ಕೇಳಿದ್ದೀರಿ. ಹದಿನಾಲ್ಕು. ಹದಿನಾಲ್ಕು ಜನ ನಿಮ್ಮ ದೋಣಿಗಾಗಿ ಕಾಯುತ್ತಿದ್ದಾರೆ. ಮೂರು ಸಾವಿರದ ಮುಂದೆ ಇದು ಲೆಕ್ಕವಲ್ಲ, ಗೊತ್ತು. ಆದರೂ ಮುಂದಿಡಿ.

ಇತಿ,
ಕೈ ವ್ಯಾಯಾಮದವಳು


ಏಪ್ರಿಲ್ 2

ಕೈ ವ್ಯಾಯಾಮದವರಿಗೆ,

ನಿಮ್ಮ ಕಾಗದ ಓದಿ ಇಲ್ಲಿ ಎಲ್ಲರೂ ಬಹಳ ನಕ್ಕೆವು. ನಾಳೆಯಿಂದ ನಮ್ಮ ನಿಲ್ಲುವ ಸಭೆಯನ್ನು ವ್ಯಾಯಾಮವೆಂದೇ ಕರೆಯಬೇಕೆಂದು ನಿರ್ಧಾರವಾಗಿದೆ.

ಸಂತೋಷದ ಸುದ್ದಿ. ನಿಮ್ಮ ಚೀಟಿ ಗೋಡೆ ಏರಿದೆ. ಹದಿನೇಳನೇ ತಾರೀಖಿನ ಆವೃತ್ತಿಯಲ್ಲಿ ನಿಮ್ಮ ಹದಿನಾಲ್ಕು ಜನರಿಗಾಗಿಯೇ ಒಂದು ವ್ಯವಸ್ಥೆ ಬರಲಿದೆ. ಅವರಿಗೆ ತಿಳಿಸಬಹುದು.

ಒಂದು ಕುತೂಹಲ. ಬೇಕರಿಯವರ ಗುಂಡಿ ಏನಾಯಿತು?

ನಿಮ್ಮ,
ತಂಡದ ಮುಖ್ಯಸ್ಥ


ಏಪ್ರಿಲ್ 20

ಮುಖ್ಯಸ್ಥರೇ,

ನಿಮ್ಮ ಆವೃತ್ತಿ ಬಂತು. ನೀವು ಹೇಳಿದ ಹಾಗೆ ಮೊದಲೇ ತಿಳಿಸಿಟ್ಟಿದ್ದೆ. ಹದಿನೇಳರ ಬೆಳಿಗ್ಗೆ ಎಂಟಕ್ಕೇ ತಲೆ ಬಾಚಿಕೊಂಡು ಟ್ಯಾಬ್ಲೆಟ್ಟಿನ ಮುಂದೆ ಕೂತಾಗಿತ್ತು.

ದೋಣಿ ಕಾಯಲಿಲ್ಲ. ಅದರ ಬದಲು ಮೂಲೆಯಲ್ಲಿ ಒಂದು ಆಮೆಯ ಚಿತ್ರ ಬಂತು. ಅದರ ಕೆಳಗೆ "ಸುಲಭ" ಎಂದು ಬರೆದಿತ್ತು. ಅದನ್ನು ಒತ್ತಿದರೆ ನಲವತ್ತು ಸೆಕೆಂಡಿನ ಬದಲು ಎಂಬತ್ತು. ಟಿಕೆಟಿನವನು ದೊಡ್ಡಕ್ಷರದಲ್ಲಿ ಕೇಳುತ್ತಾನೆ, ಕಿವುಡರನ್ನು ಕೇಳುವ ಹಾಗೆ.

ಆಡುವವರಲ್ಲಿ ಒಬ್ಬಳು ಆಮೆಯನ್ನು ಒಂದು ಗಳಿಗೆ ನೋಡಿದಳು. ಟ್ಯಾಬ್ಲೆಟ್ಟನ್ನು ಬೋರಲು ಹಾಕಿ ಎದ್ದುಹೋದಳು. ಮೂರು ದಿನದಿಂದ ಮುಟ್ಟಿಲ್ಲ.

ಬೇಕರಿಯವರ ಗುಂಡಿ ಆಯಿತು.

ಕೈ ವ್ಯಾಯಾಮದವಳು


ಏಪ್ರಿಲ್ 28

ಅಮ್ಮಾ,

ನಿಮಗೆ ನಾನು ಸುಳ್ಳು ಹೇಳಿದ್ದೆ. ಅದನ್ನು ಹೇಗೆ ಬರೆಯುವುದೆಂದು ಎರಡು ಹಾಳೆ ಹರಿದು ಹಾಕಿ ಇದು ಮೂರನೆಯದು.

ನಿಮ್ಮ ಕಾಗದವನ್ನು ನಾನು ತಂಡಕ್ಕೆ ಓದಿ ಹೇಳಿರಲೇ ಇಲ್ಲ. ನಕ್ಕವನು ನಾನೊಬ್ಬನೇ. ಅದನ್ನು ಮೇಜಿನ ಡ್ರಾಯರಿನಲ್ಲಿಟ್ಟು, "ಸುಲಭ ವಿಧಾನ ಬೇಕು" ಎಂದು ನನ್ನದೇ ಮಾತಿನಲ್ಲಿ ಒಂದು ಚೀಟಿ ಬರೆದು ಅಂಟಿಸಿದೆ. ಯಾಕೆಂದರೆ ದೋಣಿಗೆ ನಲವತ್ತು ಸೆಕೆಂಡು ಎಂದು ತೀರ್ಮಾನಿಸಿದವನು ನಾನು. ಆ ಒಂದು ತಿದ್ದುಪಡಿಗೆ ಹರಟೆಕಟ್ಟೆಯಲ್ಲಿ ಸಿಕ್ಕಷ್ಟು ಹೊಗಳಿಕೆ ನನಗೆ ಈ ಕೆಲಸದಲ್ಲಿ ಬೇರೆ ಯಾವುದಕ್ಕೂ ಸಿಕ್ಕಿಲ್ಲ. ಅದನ್ನು ನಾನೇ ಹಿಂದೆಗೆದುಕೊಳ್ಳುವುದು ನಾಲಿಗೆಗೆ ಬರಲಿಲ್ಲ.

ಪ್ರತಿ ಹದಿನೈದು ದಿನದ ಕೊನೆಗೆ ನಾವು ನಿಲ್ಲುವುದನ್ನು ಬಿಟ್ಟು ಕೂತು, ಎಲ್ಲಿ ಎಡವಿದೆವು ಎಂದು ಮಾತಾಡುತ್ತೇವೆ. ಮೊನ್ನೆ ಹಾಗೆ ಕೂತಾಗ ನಿಮ್ಮ ಸಿಟ್ಟಿನ ಕಾಗದ ನನ್ನ ಜೇಬಿನಲ್ಲಿತ್ತು. ಚಿತ್ರ ಬಿಡಿಸುವ ಹುಡುಗಿ ಒಬ್ಬಳಿದ್ದಾಳೆ, ಒಂದು ಕಡೆ ಕೂರುವವಳಲ್ಲ, ಎಲ್ಲರೂ ಅಳಿಲು ಅಂತಲೇ ಕರೆಯುತ್ತೇವೆ. ಆಮೆ ಬಿಡಿಸಿದವಳು ಅವಳು. ಆಮೆಯನ್ನು ಒಟ್ಟು ಎಷ್ಟು ಜನ ಒತ್ತಿದ್ದಾರೆಂದು ನೋಡಿದಾಗ ಅರವತ್ತು ಜನವೂ ಆಗಿರಲಿಲ್ಲ. ಆಗ ಅವಳು, "ಇದನ್ನ ಕೇಳಿದ್ದು ಯಾರು?" ಎಂದಳು.

ನಾನು ಡ್ರಾಯರಿನಲ್ಲಿದ್ದ ಎರಡು, ಜೇಬಿನಲ್ಲಿದ್ದ ಒಂದು, ನಿಮ್ಮ ಮೂರೂ ಕಾಗದಗಳನ್ನು ತೆಗೆದು ಅವಳ ಕೈಗೆ ಕೊಟ್ಟೆ. ಅವಳು ಗಟ್ಟಿಯಾಗಿ ಓದಿದಳು. ಮುಗಿದ ಮೇಲೆ ಯಾರೂ ನನ್ನ ಮುಖ ನೋಡಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

"ಅವರು ಕೇಳಿದ್ದು ದೋಣಿ ಕಾಯ್ಲಿ ಅಂತ," ಎಂದಳು ಅಳಿಲು. "ನಾವು ಕೊಟ್ಟಿದ್ದು ಆಮೆ."

ಆಮೆಯನ್ನು ಅವಳೇ ಕಿತ್ತುಹಾಕಿದ್ದಾಳೆ. ಈಗ ನಮ್ಮ ಕೋರಿಕೆ ಇಷ್ಟು. ಪ್ರತಿ ಆವೃತ್ತಿಗೆ ಮುಂಚೆ ಕೆಲವರು ಆಟಗಾರರು ಆಡುವುದನ್ನು ನಾವು ಕ್ಯಾಮೆರಾ ಮೂಲಕ ಸುಮ್ಮನೆ ಕೂತು ನೋಡುವುದುಂಟು. ನಿಮ್ಮ ಹದಿನಾಲ್ಕು ಜನರೂ ಅದಕ್ಕೆ ಬರಬೇಕು. ನಿಮ್ಮ ಕೋಣೆಯಲ್ಲೇ ಆಗಲಿ. ಊಹೆ ಮಾಡಿ ಮಾಡಿ ನನಗೆ ಸಾಕಾಗಿದೆ, ಕಣ್ಣಾರೆ ನೋಡಬೇಕು.

ಕ್ಷಮೆ ಕೇಳುತ್ತಾ,
ದೋಣಿಯನ್ನು ಓಡಿಸಿದವನು


ಮೇ 6

ದೋಣಿಯವರೇ,

ನಿಮ್ಮನ್ನು ಕ್ಷಮಿಸುವ ಯೋಗ್ಯತೆ ನನಗಿಲ್ಲ. ನಾನೂ ಸುಳ್ಳು ಹೇಳಿದ್ದೇನೆ.

ಹದಿನಾಲ್ಕು ಎಂಬುದು ನನ್ನ ಕೋಣೆಗೆ ಬರುವವರ ಪಟ್ಟಿ. ಅವರಲ್ಲಿ ಯಾರಿಗೂ ನಿಮ್ಮ ಆಟದ ಗಂಧಗಾಳಿ ಇಲ್ಲ. ಎಷ್ಟು ಮಂದಿ ಎಂದು ನೀವು ಕೇಳಿದಾಗ ಒಬ್ಬಳು ಎಂದು ಬರೆದರೆ ನಗುತ್ತೀರೆಂದು, ಎದುರಿಗೆ ನೇತುಹಾಕಿದ್ದ ಪಟ್ಟಿ ನೋಡಿ ಬರೆದುಬಿಟ್ಟೆ.

ಆಡುವವಳು ನನ್ನ ಅಕ್ಕ. ಸಗಟು ತರಕಾರಿ ಮಂಡಿಯಲ್ಲಿ ಇಪ್ಪತ್ತಾರು ವರ್ಷ ಹರಾಜು ಕೂಗಿದವಳು. ಅವಳು ಕೂಗುವಾಗ ಎದುರಿಗಿದ್ದವರಿಗೆ ಉಸಿರು ತೆಗೆದುಕೊಳ್ಳಲು ಬಿಡುವಿರುತ್ತಿರಲಿಲ್ಲ. ಹೋದ ವರ್ಷ ಮಂಡಿಯಲ್ಲೇ, ಎಲೆಕೋಸಿನ ಮೂಟೆಗಳ ನಡುವೆ ಲಕ್ವ ಹೊಡೆದು ಕುಸಿದಳು. ಬಲಗೈ ಹೋಯಿತು. ಅವಳನ್ನು ನಮ್ಮ ಮನೆಗೆ ಕರೆತಂದೆ. ಕೈಯನ್ನು ನಾನು ಬಿಡಲಿಲ್ಲ, ದಿನಕ್ಕೆರಡು ಹೊತ್ತು ವ್ಯಾಯಾಮ ಮಾಡಿಸಿದೆ. ಬೆರಳುಗಳಿಗೆ ಒಳ್ಳೆಯದೆಂದು ನಿಮ್ಮ ಆಟ ಹಾಕಿಕೊಟ್ಟವಳೂ ನಾನೇ.

ಮಾತೂ ತುಂಡು ತುಂಡಾಗಿದೆ. ಅದು ಅಷ್ಟು ತೊಂದರೆಯಿಲ್ಲ. ಮೊದಲ ಅಕ್ಷರ ಬರುವಷ್ಟರಲ್ಲೇ ಅವಳಿಗೇನು ಬೇಕೆಂದು ನನಗೆ ತಿಳಿದುಬಿಡುತ್ತದೆ, ಉಳಿದದ್ದನ್ನು ನಾನು ಹೇಳಿಬಿಡುತ್ತೇನೆ. ಅವಳಿಗೂ ಶ್ರಮ ತಪ್ಪುತ್ತದೆ.

ನಾನು ನಿಮಗೆ ಬರೆಯುತ್ತಿರುವುದು ಅವಳಿಗೆ ಗೊತ್ತಿಲ್ಲ. ದೋಣಿಯ ಮುಂದೆ ಅವಳು ಗಂಟೆಗಟ್ಟಲೆ ಕೂರುತ್ತಿದ್ದಳು. ಒಂದು ಹೆಸರು ಒತ್ತಲು ಬೆರಳು ಅಷ್ಟು ಹೆಣಗುತ್ತಿದೆಯಲ್ಲ ಎಂದು ನನಗೆ ಸಂಕಟ. ದೋಣಿ ಕಾಯುವುದು ನಿಂತ ಮೇಲೆ ಅವಳು ಮಂಕಾದಳು. ನಡೆದದ್ದು ಇಷ್ಟೇ.

ಒಬ್ಬಳಿಗಾಗಿ ನೀವು ಕೂತು ನೋಡುವುದಾದರೆ ಅವಳನ್ನು ನಾನು ಒಪ್ಪಿಸುತ್ತೇನೆ. ಇಲ್ಲವಾದರೆ ಬೇಸರವಿಲ್ಲ.

ಇತಿ,
ತಂಗಿ


ಮೇ 27

ಅಮ್ಮಾ,

ಒಬ್ಬರಿಗಾಗಿಯೇ ಕೂತೆವು, ಅದು ನಿಮಗೆ ಗೊತ್ತು. ಇಪ್ಪತ್ತನೇ ತಾರೀಖು ಮಧ್ಯಾಹ್ನ ಕ್ಯಾಮೆರಾ ಹೊಂದಿಸಿಕೊಟ್ಟು ನೀವು ಹೊರಗೆ ಹೋದಿರಿ. ಎರಡು ಸಲ ಬಾಗಿಲಿಂದ ಇಣುಕಿದಿರಿ. ಎರಡನೆಯ ಸಲ ನಿಮ್ಮ ಅಕ್ಕ ಎಡಗೈಯಲ್ಲಿ ನೊಣ ಓಡಿಸುವ ಹಾಗೆ ಬೀಸಿದ್ದು ನಮಗೂ ಕಂಡಿತು.

ನೋಡುವವರಿಗೆ ನಮ್ಮಲ್ಲಿ ಒಂದೇ ನಿಯಮ. ಬಾಯಿ ಬಿಡಬಾರದು, ಸಹಾಯ ಮಾಡಬಾರದು. ಆಟಗಾರ ತಪ್ಪು ದಾರಿ ಹಿಡಿದರೂ ಸುಮ್ಮನಿರಬೇಕು. ಹೊಸಬರಿಗೆ ಇದು ಎಷ್ಟು ಕಷ್ಟವೆಂದರೆ ಅಳಿಲು ಮೊದಮೊದಲು ಬಾಯಲ್ಲಿ ಕರ್ಚೀಫು ತುರುಕಿಕೊಂಡು ಕೂರುತ್ತಿದ್ದಳು. ಈ ಸಲ ನೋಡಿದವರು ಮೂವರು. ಹಳೆಯ ದೋಣಿಯನ್ನೇ, ಎಷ್ಟು ಹೊತ್ತಾದರೂ ಕಾಯುವ ದೋಣಿಯನ್ನೇ ನಿಮ್ಮ ಅಕ್ಕನಿಗೆ ಹಾಕಿಕೊಟ್ಟಿದ್ದೆವು.

ನಿಮ್ಮ ಅಕ್ಕ ಊರಿನ ಬೀದಿಗಳಲ್ಲೆಲ್ಲ ಸುತ್ತಿದರು. ಅಂಗಡಿಯಲ್ಲಿ ಕೊಡೆ ತೆಗೆದುಕೊಂಡರು. ನಾಯಿಗೆ ಬಿಸ್ಕತ್ತು ಹಾಕಿದರು. ಒಂದೊಂದನ್ನೂ ಬೇಕೆಂದಾಗ ಮೂರು ನಾಲ್ಕು ಸೆಕೆಂಡಿನಲ್ಲಿ ಒತ್ತಿದರು. ಅವರ ಕೈ ಚೆನ್ನಾಗಿದೆ, ಅದು ನಿಮ್ಮ ಶ್ರಮ. ಆಮೇಲೆ ಟಿಕೆಟಿನವನ ಮುಂದೆ ಹೋಗಿ ನಿಂತರು. ಅಲ್ಲಿ ಹತ್ತೊಂಬತ್ತು ನಿಮಿಷ ನಿಂತರು. ಯಾವ ಹೆಸರನ್ನೂ ಒತ್ತಲಿಲ್ಲ. ಕೈ ತೊಡೆಯ ಮೇಲೆ ಆರಾಮಾಗಿತ್ತು.

ಅವರು ಅಷ್ಟು ಹೊತ್ತು ಮಾಡಿದ್ದೇನು ಎಂಬುದನ್ನು ನಾವು ನೋಡಿದೆವು. ಅದನ್ನು ನಾನು ಬರೆಯುವುದಿಲ್ಲ. ಕೊನೆಗೆ ಅವರಿಗೆ ನಮ್ಮ ನೆನಪಾಗಿ ಕ್ಯಾಮೆರಾ ಕಡೆ ತಿರುಗಿದರು, ತುಟಿಯ ಮೇಲೆ ಬೆರಳಿಟ್ಟರು. ನಾವು ಮೂವರೂ ಇಲ್ಲಿ ತಲೆಯಾಡಿಸಿದೆವು. ಕೊಟ್ಟ ಮಾತು ಅದು. ತೊಂದರೆ ಕೈಯದಲ್ಲ ಎಂಬಷ್ಟನ್ನು ಮಾತ್ರ ಹೇಳುತ್ತೇನೆ. ಮಿಕ್ಕದ್ದನ್ನು ಅವರನ್ನೇ ಕೇಳಿ. ಕೇಳಿದ ಮೇಲೆ ನಮ್ಮ ನಿಯಮ ಪಾಲಿಸಿ.

ಅವತ್ತೇ ಸಂಜೆ ಗೋಡೆಯ ಮುಂದೆ ಎಲ್ಲರೂ ಸೇರಿ ತೀರ್ಮಾನ ಮಾಡಿದೆವು. ದೋಣಿ ಕಾಯುತ್ತದೆ. ಅವರೊಬ್ಬರಿಗೆ ಮಾತ್ರವಲ್ಲ, ಎಲ್ಲರಿಗೂ. ಅವಸರವಿದ್ದವರಿಗೆ ಗೂಡಿನ ಪಕ್ಕ ಒಂದು ಗಂಟೆ ನೇತುಹಾಕುತ್ತೇವೆ, ಬಾರಿಸಿದರೆ ದೋಣಿ ಹೊರಡುತ್ತದೆ. ಕೂತ ಪ್ರಯಾಣಿಕರು ಕಂಬವಾಗದಂತೆ ಅಳಿಲು ಅವರಿಗೆ ಆಕಳಿಕೆ, ತೂಕಡಿಕೆ ಎಲ್ಲ ಬಿಡಿಸುತ್ತಿದ್ದಾಳೆ. ತೀರ್ಮಾನವನ್ನು ಹರಟೆಕಟ್ಟೆಯಲ್ಲಿ ನಾನೇ ಬರೆದೆ. ನಲವತ್ತು ಸೆಕೆಂಡು ನನ್ನ ತಪ್ಪು ಎಂದೂ ಬರೆದೆ. ಬೈದವರಿದ್ದಾರೆ. ಇನ್ನೂರಕ್ಕೂ ಹೆಚ್ಚು ಜನ ಮಾತ್ರ ತಾವೂ ಆ ದೋಣಿಯ ಹತ್ತಿರ ಸುಮ್ಮನೆ ನಿಲ್ಲುತ್ತಿದ್ದೆವು, ಹೇಳಿಕೊಳ್ಳಲು ನಾಚಿಕೆಯಾಗಿತ್ತು ಎಂದಿದ್ದಾರೆ. ಯಾಕೆ ನಿಲ್ಲುತ್ತಿದ್ದರು ಎಂದು ಒಬ್ಬೊಬ್ಬರನ್ನೂ ಕೇಳಬೇಕೆಂದಿದ್ದೇನೆ.

ನಿಮ್ಮ,
ದೋಣಿಯವನು


ಜೂನ್ 14

ದೋಣಿಯವರೇ,

"ಕೈಯದಲ್ಲ" ಎಂದು ಓದಿದಾಗ ನನಗೆ ಬಂದ ಕೋಪ ನಿಮಗೆ ಹೇಳಬಾರದು. ಇಪ್ಪತ್ತೆರಡು ವರ್ಷ ಕೈ ನೋಡಿದವಳಿಗೆ ಆಟ ಮಾಡುವವನೊಬ್ಬ ಪಾಠ ಹೇಳುತ್ತಾನೆ ಎಂದುಕೊಂಡೆ. ನಾಲ್ಕು ದಿನ ಅಕ್ಕನನ್ನು ಏನೂ ಕೇಳಲಿಲ್ಲ. ಐದನೆಯ ದಿನ ರಜೆ ಇತ್ತು. ಅಡುಗೆಮನೆಯ ಮೇಜಿಗೆ ಕೂತು ಬೀನ್ಸ್ ನಾರು ತೆಗೆಯುತ್ತಾ, ಆ ದೋಣಿಯ ಹತ್ತಿರ ನೀನು ಏನು ಮಾಡುತ್ತೀಯೆ ಎಂದು ಕೇಳಿಬಿಟ್ಟೆ.

ಅವಳು "ನಾ..." ಎಂದಳು. ನನ್ನ ಬಾಯಿಗೆ ಐದಾರು ವಾಕ್ಯ ಬಂದು ನಿಂತವು. ನಾಲಿಗೆ ಕಚ್ಚಿಕೊಂಡೆ. ಎದುರಿನ ಮನೆಯಲ್ಲಿ ಯಾರೋ ನೀರಿನ ಪೈಪು ಹಿಡಿದು ಮೆಟ್ಟಿಲು ತೊಳೆಯುತ್ತಿದ್ದರು. ಪೂರ್ತಿ ತೊಳೆದು ಮುಗಿಸಿ, ಪೈಪು ಸುತ್ತಿಟ್ಟು ಒಳಗೆ ಹೋದರು. ಅಕ್ಕ ಇನ್ನೂ ಆ "ನಾ" ಹತ್ತಿರವೇ ಇದ್ದಳು. ಆಮೇಲೆ ಮಾತು ಬಿಟ್ಟು, ಎದ್ದು ಟ್ಯಾಬ್ಲೆಟ್ಟು ತಂದು ನಡುವೆ ಇಟ್ಟಳು. ನೀವು ಹಾಕಿಕೊಟ್ಟಿದ್ದ ಹಳೆಯ ದೋಣಿ ಅದರಲ್ಲಿ ಹಾಗೇ ಇತ್ತು. ಟಿಕೆಟಿನವನ ಹತ್ತಿರ ಹೋದಳು. ಅವನು "ಎಲ್ಲಿಗೆ ಹೋಗ್ಬೇಕು?" ಎಂದ.

"ಆ... ಆಚೆ," ಎಂದಳು ಅಕ್ಕ. ಕಣ್ಣು ಮುಚ್ಚಿದಳು. "ಆಚೆ... ದ... ದಡಕ್ಕೆ."

ಬೆರಳು ಏನನ್ನೂ ಒತ್ತಲಿಲ್ಲ. ಟಿಕೆಟಿನವನು ಗಲ್ಲಕ್ಕೆ ಕೈ ಕೊಟ್ಟು ಅವಳನ್ನೇ ನೋಡುತ್ತಿದ್ದ. ಅವಳು ಮತ್ತೆ ಹೇಳಿದಳು, ಈ ಸಲ ಇನ್ನಷ್ಟು ನಯವಾಗಿ. ಮತ್ತೊಮ್ಮೆ ಹೇಳಿದಳು. ನಾನು ಕೆಲಸಕ್ಕೆ ಹೋದ ಮೇಲೆ ಇಷ್ಟು ತಿಂಗಳು ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಇದು. ಅವಳು ಅವನಿಗೆ ಉತ್ತರ ಕೊಡುತ್ತಿದ್ದಳು.

ನನಗೆ ಮೊದಲು ತೋಚಿದ್ದು, ಇದನ್ನು ನನ್ನ ಮುಂದೆ ಯಾಕೆ ಮಾಡಲಿಲ್ಲ ಎಂಬುದು. ಕೇಳಿಯೂ ಬಿಟ್ಟೆ. ಅದಕ್ಕೆ ಅವಳ ಉತ್ತರ ಬೇಗ ಬಂತು.

"ಅವನು... ಕಾಯ್ತಾನೆ," ಎಂದಳು. "ನೀನು... ಕಾಯಲ್ಲ."

ನಾನು ಎದ್ದು ಬೀನ್ಸ್ ತೊಳೆಯಲು ಹೋದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಒಂದು ವರ್ಷದಿಂದ ಈ ಮನೆಯಲ್ಲಿ ಅವಳ ಒಂದು ಮಾತನ್ನೂ ನಾನು ದಡ ಮುಟ್ಟಲು ಬಿಟ್ಟಿರಲಿಲ್ಲ. ಅವಳಿಗೆ ಟೀ ಬೇಕೋ, ಕಿಟಕಿ ತೆಗೆಯಬೇಕೋ, ಫೋನಿನಲ್ಲಿ ಮಂಡಿಯವರಿಗೆ ಏನು ಹೇಳಬೇಕೋ ಎಲ್ಲ ನಾನೇ. ನಿಮಗೆ ಬರೆದ ಕಾಗದಗಳೂ ಅದೇ ಜಾತಿಯವು. ಅವಳಿಗೆ ಎಲ್ಲವನ್ನೂ ಹೇಳಿದೆ. ಹದಿನಾಲ್ಕು ಜನರ ವಿಷಯ ಕೇಳಿ ಅವಳು ನಕ್ಕಳು. ಆ ನಗು ಮಾತ್ರ ತುಂಡಾಗಿರಲಿಲ್ಲ, ಮಂಡಿಯಲ್ಲಿ ನಗುತ್ತಿದ್ದ ಹಾಗೇ ಇತ್ತು.

ನಮ್ಮ ಆಸ್ಪತ್ರೆಯಲ್ಲೇ, ನನ್ನ ಕೋಣೆಯಿಂದ ಎರಡು ಬಾಗಿಲಾಚೆ ಮಾತು ಕಲಿಸುವವಳೊಬ್ಬಳಿದ್ದಾಳೆ. ಅವಳು ಇನ್ನೂ ಎಳೆಯಳು, ಅವಳಿಗೇನು ಗೊತ್ತು ಎಂದು ನಾನು ಅಕ್ಕನನ್ನು ಅತ್ತ ಕಳಿಸಿಯೇ ಇರಲಿಲ್ಲ. ಈಗ ಅಕ್ಕ ವಾರಕ್ಕೆ ಮೂರು ದಿನ ಹೋಗುತ್ತಾಳೆ. ಮೊದಲ ದಿನ ಬಾಗಿಲಿಂದ ಇಣುಕಿದೆ. ಆ ಹುಡುಗಿ ಕೈಕಟ್ಟಿ ಸುಮ್ಮನೆ ಕೂತಿದ್ದಳು. ನನಗಿಂತ ಬುದ್ಧಿವಂತೆ.

ನಿಮ್ಮ ಹೊಸ ಆವೃತ್ತಿ ಬಂದಿದೆ. ಪ್ರಯಾಣಿಕರ ಆಕಳಿಕೆ ನೋಡಿ ನನಗೂ ಆಕಳಿಕೆ ಬಂತು. ಅಕ್ಕ ನಿಮಗೆ ಏನೋ ಹೇಳಬೇಕಂತೆ. ಹೇಳಿದ ಹಾಗೆ ಬರೆದುಕೊಳ್ಳಲು ಕೂತಿದ್ದೇನೆ. ಅವಳು ನಿಲ್ಲಿಸಿದಲ್ಲೆಲ್ಲ ಚುಕ್ಕೆ ಇಟ್ಟಿದ್ದೇನೆ. ಚುಕ್ಕೆಗಳು ಕಾಗದದಲ್ಲಿ ಚಿಕ್ಕದಾಗಿ ಕಾಣುತ್ತವೆ, ಆದರೆ ನಡುವೆ ಒಂದು ಸಲ ಹಾಲು ಕಾಯಿಸಿ ಇಳಿಸಿ ಬಂದೆ.

"ನಿಮ್ಮ... ಟಿಕೆಟಿನವನು... ಒಳ್ಳೆಯವನು. ಆದ್ರೆ... ದಡ್ಡ. ಎಂಟು ತಿಂಗಳಿಂದ... ಒಂದೇ ಪ್ರಶ್ನೆ. ಎಲ್ಲಿಗೆ... ಎಲ್ಲಿಗೆ. ಉತ್ತರ... ಬಾಯಿಪಾಠ ಆಯ್ತು. ನನಗೆ... ಬೇ... ಬೇಜಾರು. ಬೇರೆ... ಕೇಳ್ಲಿ. ಊಟ... ಆಯ್ತಾ, ಅಂತ... ಕೇಳಬಾರದಾ."

ಇದರಲ್ಲಿ ಒಂದಕ್ಷರವೂ ನನ್ನದಲ್ಲ.

ಇತಿ,
ತಂಗಿ